ಗರೀಬ ಗಂಡುಗುದುರೆ

ಯಡ್ರಾಮಿ, ಜೇವರ್ಗಿ ಕಡೆಯ ದನದ ಸಂತೆಯಲ್ಲಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ‘ಭಾಳ ಗರೀಬ ಅದ ನೋಡ್ರಿ’ ಎಂದು ಮಾರುವವನು ಹೇಳಿದರೆ ಕೊಳ್ಳುವವನು ಅರ್ಧಕ್ಕರ್ಧ ನಂಬುತ್ತಾನೆ. ಹಾಯುವುದಿಲ್ಲ, ಒದೆಯುವುದಿಲ್ಲ, ಮನೆಯ ಹೆಣ್ಣುಮಕ್ಕಳು ಕಟ್ಟಿ ಬಿಚ್ಚಬಹುದು ಎಂಬ ಭರವಸೆ ಅದು. ಅದೇ ಮಾತನ್ನು ಬೀಜದ ಕುದುರೆಯ ಬಗ್ಗೆ ಹೇಳಿದರೆ ಸುತ್ತ ನಿಂತವರು ಮೀಸೆಯಡಿ ನಗುತ್ತಾರೆ. ನಗದೆ ಏನು ಮಾಡಿಯಾರು? ಗಾಳಿಯಲ್ಲಿ ಹೆಣ್ಣುಗುದುರೆಯ ವಾಸನೆ ಬಂದರೆ ಸಾಕು, ಗಂಡಿನ ಗೋಣು ಬಿಗಿದು ನಿಲ್ಲುತ್ತದೆ, ಮೇಲ್ದುಟಿ ಮಡಚಿಕೊಳ್ಳುತ್ತದೆ, ಹಗ್ಗ ಹಿಡಿದ ಮನುಷ್ಯನೊಬ್ಬ ಇದ್ದಾನೆಂಬುದೇ ಅದಕ್ಕೆ ಮರೆತುಹೋಗುತ್ತದೆ. ಇನ್ನೊಂದು ಗಂಡು ಎದುರಾದರಂತೂ ಕೇಳುವುದೇ ಬೇಡ. ಸವಾರಿಗೆ ಬೇಕಾದ ಕುದುರೆಗೆ ಬೀಜ ಒಡೆಸಿಬಿಡುವ ಪದ್ಧತಿ ಲೋಕದ ಬಹಳ ಕಡೆ ಬೆಳೆದದ್ದು ಈ ಕಾರಣಕ್ಕೇ. ಬೀಜವನ್ನೂ ಉಳಿಸಿಕೊಂಡು, ತಳಿಯಲ್ಲೂ ಕುಲೀನವಾಗಿ, ಕೈಗೂ ಬಗ್ಗುವ ಕುದುರೆ ಸಾವಿರಕ್ಕೊಂದು. ಅಂಥದ್ದನ್ನು ಸಾಕುವುದು ಒಂದು ಸುಖ. ಅಂಥದ್ದನ್ನು ಮಾರಲು ನಿಲ್ಲಿಸಿದಾಗ ನೋಡುವುದು ಬೇರೆಯೇ ಸುಖ, ಸ್ವಲ್ಪ ಸಂಕಟ ಬೆರೆತದ್ದು. ನನಗೆ ಹೇಳಬೇಕಾಗಿರುವುದು ಈ ಎರಡನೆಯದರ ಬಗ್ಗೆ.

ಮಾರಲು ತಂದ ದಿನವೇ ಒಡೆಯ ತನ್ನ ಕುದುರೆಯನ್ನು ಪೂರ್ತಿಯಾಗಿ ನೋಡುತ್ತಾನೆ. ಅಲ್ಲಿಯವರೆಗೆ ದಿನವೂ ಮೈ ತಿಕ್ಕುವಾಗ ಅವನ ಕೈ ನೋಡಿರುತ್ತದೆಯೇ ಹೊರತು ಕಣ್ಣು ನೋಡಿರುವುದಿಲ್ಲ. ಬೇರೆಯವನೊಬ್ಬ ಬಂದು ಸುತ್ತು ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನಿಂತಾಗ ಇವನೂ ಅದೇ ಕಣ್ಣಿನಿಂದ ನೋಡತೊಡಗುತ್ತಾನೆ. ಹೆಗಲು ಇಷ್ಟು ಚೆಂದದ ಇಳಿಜಾರಾಗಿತ್ತೇ, ಕಿವಿಯ ತುದಿ ಇಷ್ಟು ತೆಳುವಿತ್ತೇ ಎಂದು ಅವನಿಗೇ ಸೋಜಿಗ. ಬೆಲೆ ಹೇಳಬೇಕಾದ ಬಾಯಿ ಅಲ್ಲಿಯೇ ತಡವರಿಸುತ್ತದೆ. ಪಳಗಿದ ದಲಾಲಿ ಈ ಗಳಿಗೆಯನ್ನು ಬಲ್ಲ. ‘ನೀವು ಚಾ ಕುಡದು ಬರ್ರಿ ಗೌಡ್ರ’ ಎಂದು ಒಡೆಯನನ್ನು ಆಚೆ ಕಳಿಸಿ ತಾನು ಮಾತಿಗೆ ನಿಲ್ಲುತ್ತಾನೆ.

ನಮ್ಮ ಸೀಮೆಗೆ ಮಾರಾಟಕ್ಕೆ ಬಂದ ಲೆಕ್ಕವಿಲ್ಲದಷ್ಟು ಕುದುರೆಗಳಲ್ಲಿ, ಹೊರಟ ದಾರಿಯೂ ಮಾರಾಟವಾದ ಕಾಲವೂ ಬರಹದಲ್ಲಿ ಉಳಿದ ಒಂದು ಗಂಡುಗುದುರೆ ಇದೆ. ಅದನ್ನು ತಂದವನು ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. ವೋಲ್ಗಾ ನದಿಯಲ್ಲಿ ಇಳಿದು ಬರುವಾಗ ಆಸ್ತ್ರಖಾನ್ ಬಳಿ ದರೋಡೆಕೋರರ ಕೈಗೆ ಸಿಕ್ಕು ಇದ್ದ ಸರಕನ್ನೆಲ್ಲ ಕಳೆದುಕೊಂಡವನು, ಬರಿಗೈಯಲ್ಲಿ ಊರಿಗೆ ಮರಳುವ ಬದಲು ಮುಂದಕ್ಕೇ ನಡೆದ. ಪರ್ಷಿಯಾ ದಾಟಿ ಹೊರ್ಮುಜ್ ಬಂದರಿನಲ್ಲಿ ಕುದುರೆ ಸಾಗಿಸುವ ಹಡಗು ಹತ್ತಿದ. ಆರು ವಾರ ಸಮುದ್ರದ ಮೇಲೆ ಕಳೆದು ಕೊಂಕಣದ ಚೌಲ್‌ನಲ್ಲಿ ಇಳಿದ. ಇತಿಹಾಸಕಾರರ ಹಳೆಯ ಎಣಿಕೆಯಲ್ಲಿ ಅದು 1469, ಹೊಸ ಎಣಿಕೆಯಲ್ಲಿ 1471. ಬೀದರಿನ ಗಾದಿಯ ಮೇಲೆ ಮೂರನೆಯ ಮುಹಮ್ಮದ್ ಶಾಹನಿದ್ದ. ರಾಜ್ಯದ ಕೀಲಿಕೈ ಮಹಮೂದ್ ಗವಾನನ ಕೈಯಲ್ಲಿತ್ತು.

ಆ ಕುದುರೆಗೆ ನೂರು ರೂಬಲ್ ಬಿತ್ತು ಎಂದು ನಿಕಿತಿನ್ ಬರೆದಿಟ್ಟಿದ್ದಾನೆ. ಅದು ನೋಡಲು ಹೇಗಿತ್ತೆಂದು ಏನೂ ಬರೆದಿಲ್ಲ. ಬಣ್ಣವಿಲ್ಲ, ಹೆಸರಿಲ್ಲ, ಎತ್ತರವಿಲ್ಲ, ವಯಸ್ಸಿಲ್ಲ. ವ್ಯಾಪಾರಿಯ ಟಿಪ್ಪಣಿ ಅಷ್ಟೇ ತಾನೇ ಅನ್ನಬಹುದು. ಆದರೆ ಅದರ ಗುಣವೊಂದನ್ನು ಆ ಬರಹದಿಂದಲೇ ಹೆಕ್ಕಿ ತೆಗೆಯಬಹುದು ಎಂದು ನನಗೆ ಅನ್ನಿಸುತ್ತದೆ. ತೊಟ್ಟಿಲಾಡುವ ಹಡಗಿನಲ್ಲಿ ಬೇರೆ ಕುದುರೆಗಳ ನಡುವೆ ಆರು ವಾರ ಕಟ್ಟಿಹಾಕಿಸಿಕೊಂಡು ನಿಂತ ಪ್ರಾಣಿ ಅದು. ಇಳಿದ ಮೇಲೆ ಸಹ್ಯಾದ್ರಿ ಏರಿ ಜುನ್ನರ್ ಸೇರಲು ಮೂರು ವಾರಕ್ಕೂ ಮೇಲೆ ನಡೆಯಿತು. ಅಲ್ಲಿ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲೂ ರಾತ್ರಿ ಎಲ್ಲಿ ನೋಡಿದರೂ ನೀರು, ಕೆಸರು ಎಂದು ಅವನು ಗೊಣಗಿದ್ದಾನೆ. ಆ ಕೆಸರಿನಲ್ಲಿ, ಪರದೇಶಿ ಮನುಷ್ಯನೊಬ್ಬನ ಕೈಯಲ್ಲಿ, ಭಾಷೆ ತಿಳಿಯದ ಊರಿನ ಛತ್ರದಲ್ಲಿ ಆ ಕುದುರೆ ಸೊರಗಲಿಲ್ಲ, ಹಗ್ಗ ಹರಿದುಕೊಂಡು ಓಡಲಿಲ್ಲ, ಯಾರನ್ನೂ ತುಳಿಯಲಿಲ್ಲ. ತುಂಟ ಗಂಡುಗುದುರೆಯಾಗಿದ್ದರೆ ಈ ದಾರಿಯ ಅರ್ಧದಲ್ಲೇ ಅದರ ಕಥೆಯೋ ಅವನ ಕಥೆಯೋ ಮುಗಿಯುತ್ತಿತ್ತು. ಗರೀಬ ಕುದುರೆಯೇ ಅದು, ನನಗೆ ಅನುಮಾನವಿಲ್ಲ.

ಜುನ್ನರಿನಲ್ಲಿ ಅದು ಒಮ್ಮೆ ಕೈಬಿಟ್ಟೂ ಹೋಗಿತ್ತು. ಅಲ್ಲಿನ ಅಧಿಪತಿ ಅಸದ್ ಖಾನ್ ಕುದುರೆಯನ್ನು ಹಿಡಿಸಿಕೊಂಡು, ತಂದವನು ಮುಸಲ್ಮಾನನಲ್ಲ, ರಷ್ಯದವನು ಎಂದು ತಿಳಿದು ಕರಾರು ಹಾಕಿದ: ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆಯೂ ಹೋಯಿತು, ತಲೆಗೆ ಸಾವಿರ ಹೊನ್ನಿನ ದಂಡವೂ ಬಿತ್ತು. ನಾಲ್ಕು ದಿನದ ಗಡುವು. ಗಡುವು ಮುಗಿಯುವ ಹೊತ್ತಿಗೆ ಖುರಾಸಾನಿನ ಮುಹಮ್ಮದ್ ಎಂಬ ಗೃಹಸ್ಥನೊಬ್ಬ ಊರಿಗೆ ಬಂದ. ನಿಕಿತಿನ್ ಅವನ ಕಾಲಿಗೆ ಬಿದ್ದ. ಆತ ಖಾನನ ಬಳಿ ಹೋಗಿ ಮಾತಾಡಿ ಮತವನ್ನೂ ಉಳಿಸಿಕೊಟ್ಟ, ಕುದುರೆಯನ್ನೂ ಬಿಡಿಸಿಕೊಟ್ಟ. ಕ್ರೈಸ್ತನೊಬ್ಬನ ಕುದುರೆಯನ್ನು ಮುಸಲ್ಮಾನ ಅಧಿಪತಿಯ ಲಾಯದಿಂದ ಬಿಡಿಸಿ ತಂದವನು ಇನ್ನೊಬ್ಬ ಮುಸಲ್ಮಾನ ಎಂಬುದನ್ನು ನಿಕಿತಿನ್ ಮುಚ್ಚಿಟ್ಟಿಲ್ಲ. ದೇವರ ಪವಾಡ ಎಂದೇ ಬರೆದಿದ್ದಾನೆ.

ಆಗಸ್ಟ್ ನಡುವಿನಲ್ಲಿ ಜುನ್ನರ್ ಬಿಟ್ಟು ಒಂದು ತಿಂಗಳು ನಡೆದು ಬೀದರ್ ಮುಟ್ಟಿದ. ಬೀದರಿನ ಬೀದಿಯಲ್ಲಿ ಎರಡು ಮಾರಿಗೂ ಉದ್ದದ ಹಾವುಗಳು ಓಡಾಡುತ್ತವೆ ಎಂದು ಬರೆದ. ಕಲಬುರಗಿಯ ಹೆಸರನ್ನೂ ಬರೆದ. ಬರೆದವುಗಳಲ್ಲಿ ನಮಗೆ ಮುಖ್ಯವಾದದ್ದು ಆಳಂದದ ಜಾತ್ರೆ. ಶೇಖ್ ಅಲಾವುದ್ದೀನರ ನೆನಪಿಗೆ, ಎಂದರೆ ನಾವಿಂದು ಲಾಡ್ಲೆ ಮಶಾಕ ಎನ್ನುವ ಸಂತರ ದರ್ಗಾದ ಬಳಿ, ವರ್ಷಕ್ಕೊಮ್ಮೆ ನೆರೆಯುವ ಹತ್ತು ದಿನದ ಪೇಟೆ ಅದು. ಬೀದರಿನಿಂದ ಹನ್ನೆರಡು ಗಾವುದ ಎಂದು ಅವನ ಲೆಕ್ಕ. ಇಪ್ಪತ್ತು ಸಾವಿರದವರೆಗೆ ಕುದುರೆಗಳನ್ನು ಅಲ್ಲಿ ಮಾರಾಟಕ್ಕೆ ತರುತ್ತಾರೆ, ಹಿಂದುಸ್ತಾನದಲ್ಲಿ ಇದಕ್ಕಿಂತ ಒಳ್ಳೆಯ ಪೇಟೆಯಿಲ್ಲ ಎಂಬುದು ಅವನ ತೀರ್ಪು. ಇಪ್ಪತ್ತು ಸಾವಿರವೆಂಬುದನ್ನು ಅವನು ಎಣಿಸಿದ್ದನೋ ಕೇಳಿದ್ದನೋ, ಅರ್ಧವೇ ಎಂದು ಹಿಡಿದರೂ ಆಳಂದದ ಸುತ್ತಿನ ಹೊಲವೆಲ್ಲ ಕುದುರೆಯಾಗಿರಬೇಕು. ಅಲ್ಲಿನ ಒಂದು ಹಕ್ಕಿಯ ಬಗ್ಗೆಯೂ ಬರೆದಿದ್ದಾನೆ: ರಾತ್ರಿ ಹಾರುತ್ತ ಕುಕ್ ಕುಕ್ ಎಂದು ಕೂಗುತ್ತದಂತೆ, ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವಂತೆ. ಕೊಲ್ಲಹೋದರೆ ಬಾಯಿಂದ ಬೆಂಕಿ ಉಗುಳುತ್ತದಂತೆ. ಬೆಂಕಿಯೊಂದನ್ನು ಬಿಟ್ಟರೆ ನಮ್ಮ ಗೂಗೆಯೇ. ಆಳಂದದ ಯಾವ ಅಜ್ಜಿ ಆ ಪರದೇಶಿಗೆ ಅದನ್ನು ಹೇಳಿದಳೋ!

ಈಗ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ನಿಕಿತಿನ್ ಬೀದರ್ ತಲುಪಿದ್ದು ಸೆಪ್ಟೆಂಬರ್ ನಡುವಿಗೆ. ಆಳಂದದ ಜಾತ್ರೆ ತನ್ನ ನಾಡಿನ ಪೊಕ್ರೋವ್ ಹಬ್ಬದ ಹೊತ್ತಿಗೆ ಬೀಳುತ್ತದೆ ಎಂದಿದ್ದಾನೆ, ಅಂದರೆ ಅಕ್ಟೋಬರ್ ಮೊದಲ ದಿನ. ಕುದುರೆ ಮಾರಿದ್ದು ಮಾತ್ರ ಕ್ರಿಸ್‌ಮಸ್‌ಗೆ, ಬೀದರಿನಲ್ಲಿ. ಕೈಯಲ್ಲಿ ಕುದುರೆ, ಎದುರಿಗೆ ದೇಶದಲ್ಲೇ ದೊಡ್ಡ ಕುದುರೆ ಸಂತೆ, ಮಾರಾಟ ಮಾತ್ರ ಮೂರು ತಿಂಗಳ ಆಚೆಗೆ. ಆಳಂದಕ್ಕೆ ಅದನ್ನು ಒಯ್ದಿದ್ದನೋ ಇಲ್ಲವೋ ಬರಹದಲ್ಲಿಲ್ಲ. ಒಯ್ದಿದ್ದರೆ ಮಾರದೆ ವಾಪಸು ತಂದ. ಒಯ್ಯದಿದ್ದರೆ ಬೇಕೆಂದೇ ಒಯ್ಯಲಿಲ್ಲ. ಎರಡಕ್ಕೂ ಕಾರಣ ಒಂದೇ ಇರಬೇಕೆಂದು ನನ್ನ ಊಹೆ. ಹತ್ತಾರು ಸಾವಿರ ಕುದುರೆಗಳ ಗದ್ದಲದಲ್ಲಿ ಎತ್ತರ ಕಾಣುತ್ತದೆ, ಬಣ್ಣ ಕಾಣುತ್ತದೆ, ಹಲ್ಲು ಕಾಣುತ್ತದೆ. ಗರೀಬತನ ಕಾಣುವುದಿಲ್ಲ. ಅದು ಕಾಣಬೇಕಾದರೆ ಕೊಳ್ಳುವವನು ನಾಲ್ಕು ದಿನ ಬಂದು ಹೋಗಬೇಕು, ಒಮ್ಮೆ ಮೇವಿನ ಹೊತ್ತಿಗೆ, ಒಮ್ಮೆ ನೀರಿನ ಹೊತ್ತಿಗೆ, ಒಮ್ಮೆ ಹೇಳದೆ ಕೇಳದೆ. ಜಾತ್ರೆಯಲ್ಲಿ ಆ ಪುರಸೊತ್ತು ಯಾರಿಗಿದೆ? ಕುದುರೆಯ ಸೌಮ್ಯ ಗುಣಕ್ಕೆ ಬೆಲೆ ಸಿಗುವುದು ಊರಲ್ಲಿ, ಪರಿಚಯವಾದ ಮೇಲೆ.

ಸಗಟಿನಲ್ಲಿ ಕೊಳ್ಳುವವನಿಗೆ ಇದರ ರುಚಿ ಹತ್ತುವುದಿಲ್ಲ ಎನ್ನುವುದಕ್ಕೆ ತುಂಗಭದ್ರೆಯ ಆಚೆಯ ಒಂದು ಸಾಕ್ಷಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದದ್ದು ಇದು. ಹೊರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ ಅರಸ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಹಣ. ರಾಜನೀತಿಯಾಗಿ ಇದು ಭಾರಿ ಜಾಣತನ. ವ್ಯಾಪಾರಿಗಳೆಲ್ಲ ಇವನ ಬಂದರಿಗೇ ಬರುತ್ತಾರೆ, ವೈರಿಯ ಬಂದರಿಗೆ ಹೋಗುವುದಿಲ್ಲ. ಆದರೆ ಬಾಲಕ್ಕೂ ಕುದುರೆಗೂ ಒಂದೇ ದರ ಕಟ್ಟುವ ಅಂಗಳದಲ್ಲಿ ಯಾವ ಕುದುರೆಯ ಕಣ್ಣು ಹೇಗಿದೆ ಎಂದು ಯಾರು ನೋಡುತ್ತಾರೆ! ಇತ್ತ ಗವಾನನ ಲಾಯದಲ್ಲಿ ಎರಡು ಸಾವಿರ ಕುದುರೆ, ಅದರಲ್ಲಿ ಸಾವಿರ ಹಗಲೂ ರಾತ್ರಿ ಜೀನು ಬಿಗಿಸಿಕೊಂಡೇ ನಿಂತಿರುತ್ತವೆ ಎಂದು ನಿಕಿತಿನ್ ಬೆರಗಾಗಿದ್ದಾನೆ. ನನಗೆ ಬೆರಗಿಗಿಂತ ಮರುಕವೇ ಹೆಚ್ಚು. ರಾತ್ರಿಯೂ ಜೀನು ಇಳಿಸದ ಬೆನ್ನಿನ ಚರ್ಮ ಏನಾಗಿರಬೇಕು?

ಮೇವಿನ ಬಗ್ಗೆ ನಿಕಿತಿನ್ ಬರೆದಿರುವುದನ್ನು ಓದಿದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಬೆಣ್ಣೆ ಹಾಕಿದ ಖಿಚಡಿ ಬೇಯಿಸಿ ಹಾಕುತ್ತಾರೆ ಎಂದು ಬರೆದಿದ್ದಾನೆ. ಹುಲ್ಲು, ಓಟ್ಸು ಕಂಡ ಉತ್ತರದ ಮನುಷ್ಯನಿಗೆ ಅದು ವಿಚಿತ್ರ. ಎರೆಭೂಮಿಯಲ್ಲಿ ಹಿಂಗಾರಿ ಕಡಲೆಗೇನು ಕೊರತೆ, ಹುರಳಿಗೂ ಕುದುರೆಗೂ ಇಲ್ಲಿ ಹಳೆಯ ನಂಟು. ನೆನೆಸಿದ ಕಡಲೆಯನ್ನು ಕೈಯಲ್ಲಿ ಹಿಡಿದು ತಿನ್ನಿಸುವುದರಲ್ಲಿ ಹೊಟ್ಟೆಪಾಡಿಗಿಂತ ಮಿಗಿಲಾದದ್ದೊಂದಿದೆ. ಕುದುರೆ ಅಂಗೈಯ ಮೇಲಿನ ಕಾಳನ್ನು ತುಟಿಯಿಂದ ಎತ್ತುತ್ತದೆ, ಹಲ್ಲಿನಿಂದಲ್ಲ. ಮೇಲ್ದುಟಿ ಮುಂದೆ ಚಾಚಿ, ಒಂದೊಂದೇ ಕಾಳನ್ನು ಸೋಸಿದ ಹಾಗೆ ಸರಿಸಿ ಒಳಗೆಳೆದುಕೊಳ್ಳುತ್ತದೆ. ಬೆರಳಿನ ಸಂದಿಗೆ ಸಿಕ್ಕಿಕೊಂಡ ಕೊನೆಯ ಕಾಳನ್ನು ತೆಗೆಯಲು ಮೂಗಿನ ಬಿಸಿ ಗಾಳಿ ಬಿಟ್ಟು ತಡಕಾಡುತ್ತದೆ. ಆ ದವಡೆಗೆ ಬೆರಳು ಮುರಿಯುವ ಬಲವಿದೆ. ಇದ್ದೂ ಬೆರಳನ್ನು ಬಿಟ್ಟು ಕಾಳನ್ನಷ್ಟೇ ಆರಿಸುವ ಆ ಎಚ್ಚರವನ್ನೇ ನಾನು ಗರೀಬತನವೆಂದು ಕರೆಯುವುದು. ತಲೆ ತಗ್ಗಿಸಿ ತೂಕಡಿಸುವ ಕುದುರೆ ಬೇರೆ. ಅದಕ್ಕೆ ಜ್ವರವಿರಬಹುದು, ಹೊಟ್ಟೆ ಖಾಲಿಯಿರಬಹುದು, ಅಥವಾ ಬೆಳಿಗ್ಗೆ ಯಾರೋ ಅಫೀಮು ತಿನ್ನಿಸಿರಬಹುದು.

ನೋಡುವುದಕ್ಕೂ ಒಂದು ಕ್ರಮವಿದೆ. ಗ್ರೀಸಿನ ಸೇನಾನಿ ಕ್ಸೆನೊಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಕುದುರೆ ಕೊಳ್ಳುವವರಿಗೆಂದು ಪುಸ್ತಕ ಬರೆದ. ಮೊದಲು ಗೊರಸು ನೋಡಿ, ಆಮೇಲೆ ಮೇಲಕ್ಕೆ ಬನ್ನಿ ಎಂಬುದು ಅವನ ದಾರಿ. ನಮ್ಮವರು ಮೊದಲು ಸುಳಿ ನೋಡುತ್ತಾರೆ. ಇದು ನಿನ್ನೆ ಮೊನ್ನೆಯ ಚಾಳಿಯಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಯಿಸಿದ ಮಾನಸೋಲ್ಲಾಸದಲ್ಲಿ ಕುದುರೆಯ ದೇಶ, ಬಣ್ಣ, ಲಕ್ಷಣ, ಸುಳಿ ಎಲ್ಲದರ ವಿಚಾರವಿದೆ; ಕುದುರೆಯ ಮೇಲೆ ಕೂತು ಚೆಂಡಾಡುವ ವಿನೋದಕ್ಕೆ ಒಂದು ಭಾಗವೇ ಇದೆ. ಆ ಕಲ್ಯಾಣ ಆಳಂದದಿಂದ ದೂರದ್ದೇನಲ್ಲ. ಹಣೆ, ಎದೆ, ತಲೆ, ಪಕ್ಕೆ ಮೊದಲಾದ ಕಡೆ ಸೇರಿ ಹತ್ತು ‘ಧ್ರುವ’ ಸುಳಿ ಇರಲೇಬೇಕು ಎಂದು ಶಾಸ್ತ್ರ. ಕತ್ತಿನ ಸುಳಿ ದೇವಮಣಿ, ಅದಿದ್ದರೆ ಬೇರೆ ಸಣ್ಣ ದೋಷವೆಲ್ಲ ಮಾಫಿ. ಕಣ್ಣ ಕೆಳಗೆ ಸುಳಿಯಿದ್ದರೆ ಒಡೆಯನಿಗೆ ಕಣ್ಣೀರು. ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ಪಂಚಕಲ್ಯಾಣಿ, ನಮ್ಮ ಅಜ್ಜಿಕಥೆಗಳ ರಾಜಕುಮಾರರು ಏರಿದ್ದೆಲ್ಲ ಅದನ್ನೇ.

ಸುಳಿಯಿಂದ ಒಡೆಯನ ಹಣೆಬರಹ ಬದಲಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಗೊರಸೇ ಮೊದಲು ಎಂಬ ಕ್ಸೆನೊಫೋನ್ ಕಡೆಗೇ ನನ್ನ ಮತ. ಆದರೂ ಸುಳಿ ಹುಡುಕುವ ಪದ್ಧತಿಯಲ್ಲಿ ಅದನ್ನು ಮಾಡಿದವರಿಗೇ ಪೂರ್ತಿ ತಿಳಿಯದ ಒಂದು ಜಾಣ್ಮೆಯಿದೆ. ಹತ್ತು ಸುಳಿಗಳನ್ನು ಹುಡುಕಬೇಕಾದರೆ ಅಪರಿಚಿತನ ಕೈ ಕುದುರೆಯ ಹಣೆಗೆ, ತುಟಿಗೆ, ಗಂಟಲಿಗೆ, ಎದೆಯ ಸಂದಿಗೆ, ಹೊಟ್ಟೆಯ ಪಕ್ಕದ ಆ ಕಚಗುಳಿ ಜಾಗಕ್ಕೆ ಎಲ್ಲ ಹೋಗಿಬರಬೇಕು. ಜೂಲು ಎತ್ತಬೇಕು, ಬಾಲ ಸರಿಸಬೇಕು. ಇಷ್ಟನ್ನೂ ಸಹಿಸಿಕೊಂಡು ನಿಂತ ಗಂಡುಗುದುರೆಯ ಗುಣವನ್ನು ಮತ್ತೆ ಬೇರೆ ಪರೀಕ್ಷೆಗೆ ಹಚ್ಚುವುದೇ ಬೇಕಿಲ್ಲ. ಸುಳಿ ಸಿಕ್ಕಿತೋ ಬಿಟ್ಟಿತೋ, ಕುದುರೆ ಎಂಥದ್ದೆಂದು ತಿಳಿದುಹೋಗಿರುತ್ತದೆ.

ಆಮೇಲೆ ಬಾಯಿ. ಕೆಳದವಡೆಯ ಮುಂದಿನ ಆರು ಹಲ್ಲಿನಲ್ಲಿ ಹಾಲುಹಲ್ಲು ಜೋಡಿ ಜೋಡಿಯಾಗಿ ಬೀಳುತ್ತವೆ: ಎರಡೂವರೆ ವರ್ಷಕ್ಕೆ ನಡುವಿನವು, ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಅಂಚಿನವು. ಐದಕ್ಕೆ ಬಾಯಿ ಕೂಡುತ್ತದೆ. ಹೊಸ ಹಲ್ಲಿನ ತಲೆಯಲ್ಲಿ ಕಪ್ಪು ಕುಳಿ ಇರುತ್ತದೆ. ನಡುವಿನ ಹಲ್ಲಿನದು ಆರಕ್ಕೆ, ಪಕ್ಕದ್ದು ಏಳಕ್ಕೆ, ಅಂಚಿನದು ಎಂಟಕ್ಕೆ ಸವೆದು ಹೋಗುತ್ತದೆ. ವಯಸ್ಸಾದ ಕುದುರೆಯ ಹಲ್ಲಿಗೆ ಕಾದ ಕಬ್ಬಿಣದಿಂದ ಸುಳ್ಳು ಕುಳಿ ಕೊರೆದು ಎಳೆಯದೆಂದು ಮಾರುವ ಕಳ್ಳರು ಎಲ್ಲ ದೇಶದಲ್ಲೂ ಇದ್ದರು. ಬಾಲ ಎತ್ತಿ ಹಿಡಿಯಲೆಂದು ಹಿಂಬದಿಗೆ ಶುಂಠಿ ಸವರುವ ನೀಚತನವೂ ಕುದುರೆ ಪೇಟೆಗಳ ಚರಿತ್ರೆಯಲ್ಲಿದೆ. ಒಳ್ಳೆಯ ಕುದುರೆಯ ಬಾಯಿ ನೋಡುವಾಗ ಮಾತ್ರ ಮಾರುವವನು ತುಟಿ ಬಿಡಿಸಬೇಕಾದ್ದೇ ಇಲ್ಲ. ಕೊಳ್ಳುವವನು ತಾನೇ ಹೆಬ್ಬೆರಳನ್ನು ಬಾಯಿಯ ಬದಿಗೆ, ಹಲ್ಲಿಲ್ಲದ ಆ ಖಾಲಿ ಜಾಗಕ್ಕೆ ಇಟ್ಟರೆ ಕುದುರೆ ತಾನಾಗಿ ಬಾಯಿ ತೆರೆಯುತ್ತದೆ. ಕಡಿವಾಣ ಕೂರುವುದೂ ಅಲ್ಲಿಯೇ. ಆ ಜಾಗದ ಒಸಡು ಮೆತ್ತಗೆ, ನಸುಗೆಂಪಾಗಿ ಉಳಿದಿದ್ದರೆ ಸಾಕಿದವನ ಕೈ ಹಗುರ ಎಂದು ಅರ್ಥ. ಅದು ಗಡಸಾಗಿ ಕಾಯಿ ಕಟ್ಟಿದ್ದರೆ ಯಾರೋ ಎಳೆದೆಳೆದು ಇದನ್ನು ಬಗ್ಗಿಸಿದ್ದಾರೆ. ಮಾರುವವನ ನಾಲಗೆ ಏನಾದರೂ ಹೇಳಲಿ, ಈ ಎರಡು ಬೆರಳಗಲದ ಒಸಡು ಸುಳ್ಳು ಹೇಳುವುದಿಲ್ಲ.

ಕೊನೆಗೆ ನಡೆ. ಓಡಿಸಿ ತೋರಿಸುವ ಚಟ ಎಲ್ಲ ಮಾರುವವರಿಗೂ ಇದೆ. ನಾಗಾಲೋಟದಲ್ಲಿ ದೋಷವೆಲ್ಲ ಮುಚ್ಚಿಹೋಗುತ್ತದೆ. ಬಲ್ಲವರು ಹಗ್ಗ ಸಡಿಲ ಬಿಟ್ಟು ಬರಿ ನಡೆಸಿ ಅನ್ನುತ್ತಾರೆ. ಹಿಂಗಾಲು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಬೀಳಬೇಕು, ತಲೆ ಒಂದೇ ತಾಳದಲ್ಲಿ ತೂಗಬೇಕು, ನೆಲಕ್ಕೆ ಗೊರಸು ತಾಗುವ ನಾಲ್ಕೂ ಸಪ್ಪಳ ಸಮ ಕೇಳಬೇಕು. ಕಾಲು ನೋಯುವ ಕುದುರೆಯ ಸಪ್ಪಳದಲ್ಲಿ ಒಂದು ಪೆಟ್ಟು ಹಗುರಾಗಿ ಬಿದ್ದು ಲಯ ತಪ್ಪುತ್ತದೆ, ಕಣ್ಣು ಮುಚ್ಚಿ ಕೇಳಿದರೂ ತಿಳಿಯುತ್ತದೆ. ಇಷ್ಟಾದ ಮೇಲೆ ಇಪ್ಪತ್ತು ಮಾರು ದೂರದಲ್ಲಿ ಹೆಣ್ಣುಗುದುರೆಯೊಂದನ್ನು ಹಾಯಿಸುವುದು. ಗರೀಬ ಗಂಡುಗುದುರೆಗೂ ಕಿವಿ ನಿಮಿರುತ್ತದೆ, ಮೂಗು ಅರಳುತ್ತದೆ, ಎದೆಯೊಳಗಿಂದ ಒಂದು ಕೆನೆತ ಹೊರಡುತ್ತದೆ. ಹೊರಡದಿದ್ದರೆ ಅದು ಬೀಜಕ್ಕೆ ಬರುವ ಕುದುರೆಯೇ ಅಲ್ಲ. ಆದರೆ ಹಗ್ಗ ಹಿಡಿದವನು ಮೆಲ್ಲಗೆ ‘ಹೋ ಹೋ’ ಅಂದೊಡನೆ ಒಂದು ಕಿವಿ ಅವನ ಕಡೆ ತಿರುಗುತ್ತದೆ. ಒಂದು ಕಿವಿ ಹೆಣ್ಣಿನ ಕಡೆ, ಒಂದು ಕಿವಿ ಒಡೆಯನ ಕಡೆ. ತಳಿ ಮತ್ತು ಗುಣ ಎರಡೂ ಒಂದೇ ತಲೆಯ ಮೇಲೆ ನಿಂತಿರುವುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಗಳಿಗೆ ಮತ್ತೊಂದಿಲ್ಲ. ನನಗಂತೂ ಇಡೀ ಮಾರಾಟದಲ್ಲಿ ಇದಕ್ಕಿಂತ ದೊಡ್ಡ ರಸಗಳಿಗೆ ಕಂಡಿಲ್ಲ.

ಬೆಲೆಯ ಮಾತು ಬಾಯಲ್ಲಿ ನಡೆಯುವುದಿಲ್ಲ. ದನದ ಸಂತೆಯಲ್ಲಿ ಈಗಲೂ ಕಾಣುವಂತೆ, ಟವೆಲ್ಲಿನಡಿ ಎರಡು ಕೈ ಸೇರುತ್ತವೆ. ಬೆರಳು ಹಿಡಿದು, ಒತ್ತಿ, ಬಿಟ್ಟು ಲಕ್ಷ ಸಾವಿರಗಳು ಹರಿದಾಡುತ್ತವೆ. ಮೇಲೆ ಮಾತ್ರ ಮಳೆ ಬೆಳೆಯ ಮಾತು. ‘ಇಷ್ಟಕ್ಕ ಕೊಡೂದಾಗಲ್ಲ ಕಾಕಾ, ಕೂಸಿನ ಹಾಂಗ ಬೆಳಸೀನಿ’ ಎಂದು ಒಬ್ಬ, ‘ಕೂಸು ಮಾರ್ತಾರೇನೋ ತಮ್ಮಾ’ ಎಂದು ಇನ್ನೊಬ್ಬ. ಬೆರಳು ಒಪ್ಪಿದ ಮೇಲೆ ಸಂಚಕಾರ. ಅದಾದ ಮೇಲೆ ಹಗ್ಗ. ಜಾನುವಾರು ಕೊಟ್ಟರೂ ಹಳೆಯ ಹಗ್ಗ ಕೊಡದೆ ಉಳಿಸಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಹಗ್ಗ ಹೋದರೆ ಹಟ್ಟಿಯ ಭಾಗ್ಯವೂ ಅದರ ಹಿಂದೆ ಹೋಗುತ್ತದಂತೆ. ಮಧುರೆಯ ಸುಂದರೇಶ್ವರ ಕುದುರೆ ವ್ಯಾಪಾರಿಯಾಗಿ ಬಂದ ಕಥೆಯ ತಿರುವು ಇರುವುದೂ ಹಗ್ಗದಲ್ಲಿಯೇ. ಕುದುರೆ ಕೊಳ್ಳಲೆಂದು ಪಾಂಡ್ಯ ಅರಸ ಕೊಟ್ಟ ಹಣವನ್ನು ಮಂತ್ರಿ ಮಾಣಿಕ್ಯವಾಚಕ ಗುಡಿಗೆ ಸುರಿದುಬಿಟ್ಟ. ಭಕ್ತನನ್ನು ಉಳಿಸಲು ಶಿವ ನರಿಗಳನ್ನೇ ಕುದುರೆ ಮಾಡಿ ಹೊಡೆದುಕೊಂಡು ಬಂದು, ಹಗ್ಗ ಬದಲಾಯಿಸಿಕೊಟ್ಟು, ಇನ್ನು ಮುಂದಿನದು ನಿಮ್ಮ ಪಾಡು ಎಂದು ಹೊರಟುಹೋದ. ರಾತ್ರಿ ಅವೆಲ್ಲ ಮತ್ತೆ ನರಿಯಾಗಿ ಲಾಯದ ಹಳೆಯ ಕುದುರೆಗಳನ್ನೇ ತಿಂದವು. ಹಗ್ಗ ಬದಲಾದ ಮೇಲೆ ಮಾರಿದವನ ಜವಾಬು ಮುಗಿಯಿತು ಎಂಬ ಪೇಟೆಯ ಕಟ್ಟಳೆಯನ್ನು ದೇವರೂ ಬಳಸಿಕೊಂಡ!

ಈ ನೆಲದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಮಾತ್ರ ಎಂದು ನಿಕಿತಿನ್ ಬರೆದದ್ದು ಪೂರ್ತಿ ನಿಜವಲ್ಲ. ಅಫಜಲಪುರ, ಜೇವರ್ಗಿಗಳನ್ನು ತೊಳೆದು ಹರಿಯುವ ಇದೇ ಭೀಮೆಯ ಮೇಲ್ಕಣಿವೆಯಲ್ಲಿ ಒಂದು ತಳಿ ಬೆಳೆಯಿತು. ನದಿಯ ಹೆಸರಿನಿಂದಲೇ ಅದು ಭೀಮಥಡಿ. ಗಿಡ್ಡ, ಗಟ್ಟಿ, ಸಿಕ್ಕ ಮೇವಿನಲ್ಲಿ ಬದುಕುವ ಕುದುರೆ. ಮರಾಠ ದಂಡಿನ ಕಾಲದಲ್ಲಿ ಹೆಸರುವಾಸಿಯಾಗಿದ್ದು ಆಮೇಲೆ ಕುರಿಗಾರರ ಹಿಂಡಿನ ಹಿಂದೆ ಸಾಮಾನು, ಕೂಸು, ಮರಿಗಳನ್ನು ಹೊರುವ ತಟ್ಟುವಾಗಿ ಉಳಿಯಿತು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಈಚಿನ ವರ್ಷಗಳಲ್ಲಿ ಅದನ್ನು ದೇಶದ ಎಂಟನೆಯ ಕುದುರೆ ತಳಿಯೆಂದು ದಾಖಲಿಸಿಕೊಂಡಿದೆ. ಚೆಲುವಿನಲ್ಲಿ ಅದು ಮಾರವಾಡಿ, ಕಾಠಿಯಾವಾಡಿಗಳ ಹತ್ತಿರ ನಿಲ್ಲುವುದಿಲ್ಲ. ಗರೀಬತನದಲ್ಲಿ ಅವನ್ನು ಹಿಂದೆ ಹಾಕುತ್ತದೆ ಎಂದು ನನ್ನ ಅಭಿಪ್ರಾಯ. ಬೆನ್ನ ಮೇಲೆ ಕೋಳಿ, ಕೂಸು, ನಾಯಿಮರಿ ಎಲ್ಲ ಹೇರಿಸಿಕೊಂಡು ದಿನಕ್ಕೆ ಹರದಾರಿಗಟ್ಟಲೆ ನಡೆಯುವ ಪ್ರಾಣಿಗೆ ಅದು ಬಾರದೆ ಹೇಗೆ?

ಆಳಂದದಲ್ಲಿ ದರ್ಗಾ ಇದೆ, ಉರುಸು ನಡೆಯುತ್ತದೆ, ಕುದುರೆ ಪೇಟೆ ಇಲ್ಲ. ಈಗ ಒಳ್ಳೆಯ ಗಂಡುಗುದುರೆ ಕೊಳ್ಳುವವರು ಹವ್ಯಾಸಕ್ಕೆ ಸಾಕುವ ಉಳ್ಳವರು, ಬೀಜಕ್ಕೆ ಬಿಡುವವರು, ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರು. ಡೊಳ್ಳು, ಬ್ಯಾಂಡು, ಪಟಾಕಿ, ಜನರೇಟರಿನ ಹೊಗೆ, ಮೇಲೆ ಹೆದರಿದ ಮದುಮಗ. ಇದರ ನಡುವೆ ಹೆಜ್ಜೆ ತಪ್ಪದ ಕುದುರೆಯ ಗುಣವನ್ನು ಯಾವ ಸುಲ್ತಾನನ ದಂಡೂ ಅಷ್ಟು ಪರೀಕ್ಷಿಸಿರಲಾರದು. ಅಂಥವನ್ನು ಕೊಳ್ಳಲು ನಮ್ಮ ಕಡೆಯವರು ಮಹಾರಾಷ್ಟ್ರದ ಜಾತ್ರೆಗಳಿಗೆ ಹೋಗುತ್ತಾರೆ: ದೀಪಾವಳಿಯ ಆಸುಪಾಸಿಗೆ ಅಕಲೂಜ್, ಮಾರ್ಗಶಿರದಲ್ಲಿ ನಾಂದೇಡ ಜಿಲ್ಲೆಯ ಮಾಳೆಗಾಂವ. ಮಾಳೆಗಾಂವದ ದೇವರು ಖಂಡೋಬಾ, ನಮ್ಮ ಮೈಲಾರಲಿಂಗನೇ. ಕುದುರೆ ಏರಿದ ದೇವರ ಜಾತ್ರೆಯಲ್ಲಿ ಕುದುರೆ ಪೇಟೆ ಕೂಡುವುದು ಸರಿಯಾಗಿಯೇ ಇದೆ.

ಹೋಗುವವರಿದ್ದರೆ ಒಂದು ಮಾತು. ಕೊಳ್ಳುವ ಮನಸ್ಸಿಲ್ಲದಿದ್ದರೂ ಸರಿ, ಬೆಳಗು ಹರಿಯುವ ಮೊದಲು, ಮೈ ತಿಕ್ಕಿ ಸಿಂಗಾರ ಮಾಡುವುದಕ್ಕೆ ಮುಂಚೆ ಹೋಗಿ. ಬೆಲೆ ಕೇಳಬೇಡಿ, ತಳಿಯ ವಂಶಾವಳಿಯನ್ನೂ ಕೇಳಬೇಡಿ. ಇದಕ್ಕೆ ದಿನಾ ಮೇವು ಹಾಕುವವರು ಯಾರು ಎಂದು ಕೇಳಿ, ಆ ಮನುಷ್ಯನನ್ನು ಕರೆಸಿ. ಅವನು ಹತ್ತಿರ ಬಂದಾಗ ಕುದುರೆಯ ಕಿವಿ ಮುಂದಕ್ಕೆ ಬಂದರೆ ನಿಂತು ನೋಡಿ, ಬೇಕಿದ್ದರೆ ಟವೆಲ್ಲಿನಡಿ ಕೈ ಹಾಕಿ. ಕಿವಿ ಹಿಂದಕ್ಕೆ ಮಡಚಿಕೊಂಡರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.